ಓದುಗರ ಪ್ರಶ್ನೆ: ಚೆಂಡು ಕೈಬಿಡುವ ಗಳಿಗೆ

ಪ್ರಶ್ನೆ: ನಾನು ಶಿರಸಿಯ ಕಾಲೇಜು ಕ್ರಿಕೆಟ್ ತಂಡದ ಬಲಗೈ ಲೆಗ್ ಸ್ಪಿನ್ನರ್. ಮೆಲ್ಲಗೆ ಹಾಕಿದರೆ ಚೆಂಡು ಎಣಿಸಿದ ಜಾಗದಲ್ಲೇ ಬೀಳುತ್ತದೆ, ಆದರೆ ತಿರುಗುವುದಿಲ್ಲ. ಜೋರಾಗಿ ತಿರುಗಿಸಲು ಹೋದರೆ ಒಂದು ನೆಲಕ್ಕೆ ತಾಗದೆ ಬ್ಯಾಟರ್‌ನನ್ನು ತಲುಪುವ ಫುಲ್ ಟಾಸ್ ಆಗುತ್ತದೆ, ಮುಂದಿನದು ಅರ್ಧ ಪಿಚ್ಚಿನಲ್ಲೇ ಬೀಳುತ್ತದೆ. ಹಿಡಿತ ಬದಲಿಸಬೇಕೇ?

ಉತ್ತರ: ಬೇಡ. ತೋರುಬೆರಳು ಮತ್ತು ನಡುಬೆರಳು ಹೊಲಿಗೆಯ ಮೇಲೆ, ಮಡಿಸಿದ ಉಂಗುರಬೆರಳು ಪಕ್ಕದಲ್ಲಿ ಹೊಲಿಗೆಗೆ ಆನಿಕೊಂಡು ಇದ್ದರೆ ಹಿಡಿತ ಸರಿಯಾಗಿಯೇ ಇದೆ. ಜೋರಾಗಿ ತಿರುಗಿಸಬೇಕೆಂದುಕೊಂಡ ಕೂಡಲೇ ನೀವು ಚೆಂಡನ್ನು ಬಿಗಿಯಾಗಿ ಅಮುಕುತ್ತೀರಿ. ಆಗ ಮಣಿಕಟ್ಟು ಸೆಟೆದುಕೊಂಡು, ಚೆಂಡು ಕೈಯಿಂದ ಕಳಚುವ ಜಾಗ ಎಸೆತದಿಂದ ಎಸೆತಕ್ಕೆ ಬದಲಾಗುತ್ತದೆ. ಬೇಗ ಬಿಟ್ಟದ್ದು ಫುಲ್ ಟಾಸ್, ತಡವಾಗಿ ಬಿಟ್ಟದ್ದು ಶಾರ್ಟ್. ಆದ್ದರಿಂದ ತಿರುವನ್ನು ಕಡಿಮೆ ಮಾಡಿ ನಿಯಂತ್ರಣ ಪಡೆಯುವ ಆಸೆ ಬಿಡಿ. ಹಿಡಿತವನ್ನು ಸಡಿಲಿಸಿ, ಉಂಗುರಬೆರಳಿನ ಚಿಮ್ಮುವಿಕೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ.

ಇನ್ನು ಮಣಿಕಟ್ಟಿನ ವಿಚಾರ. ಬಿಡುವ ಗಳಿಗೆಯಲ್ಲಿ ಅದರ ಒಳಭಾಗ ಬ್ಯಾಟರ್ ಕಡೆಗಿದ್ದರೆ ಲೆಗ್ ಬ್ರೇಕ್ (ಬಲಗೈ ಬ್ಯಾಟರ್‌ನಿಂದ ಹೊರಕ್ಕೆ ತಿರುಗುವ ಎಸೆತ), ಕಿರುಬೆರಳಿನ ಅಂಚು ಅತ್ತ ತಿರುಗಿದ್ದರೆ ಟಾಪ್ ಸ್ಪಿನ್ (ಮುಂದಕ್ಕೆ ಉರುಳುತ್ತಾ ಹೋಗಿ ಪುಟಿಯುವ ಎಸೆತ), ಹಿಂಗೈ ಕಾಣಿಸಿದರೆ ಗೂಗ್ಲಿ (ಒಳಕ್ಕೆ ತಿರುಗುವ ಎಸೆತ). ಲೆಗ್ ಬ್ರೇಕ್‌ನಲ್ಲಿ ಹೊಲಿಗೆ ವಿಕೆಟ್‌ಕೀಪರ್ ಪಕ್ಕದ ಸ್ಲಿಪ್ ಕಡೆಗೆ ಮುಖಮಾಡಿ, ಓಲಾಡದೆ ಸಾಗಬೇಕು. ಇದನ್ನು ಕಲಿಯಲು 20 ಮೀಟರ್ ಪಿಚ್ಚೇ ಬೇಕೆಂದಿಲ್ಲ. ಅಡಿಕೆ ಒಣಗಿಸುವ ಅಂಗಳ ಖಾಲಿಯಿದ್ದಾಗ ಚೆಂಡಿನ ಹೊಲಿಗೆಯ ಮೇಲೆ ಬಣ್ಣದ ಟೇಪು ಸುತ್ತಿ, ಹತ್ತು ಹೆಜ್ಜೆ ದೂರದಲ್ಲಿ ನಿಂತ ಗೆಳೆಯನಿಗೆ ನಿಂತಲ್ಲಿಂದಲೇ ತಿರುಗಿಸಿ ಕೊಡಿ. ಟೇಪು ಒಂದೇ ಪಟ್ಟಿಯಾಗಿ ಕಾಣಿಸಿದರೆ ಬಿಟ್ಟದ್ದು ಸರಿ, ಕಲಸಿಹೋದಂತೆ ಕಂಡರೆ ಬೆರಳು ಪಕ್ಕಕ್ಕೆ ಜಾರಿದೆ. ಓಟವನ್ನು ಆಮೇಲೆ ಸೇರಿಸಿ.

ತಿರುವೊಂದೇ ಗುರಿಯೆಂದೂ ತಿಳಿಯಬೇಡಿ. ಬೆಂಗಳೂರಿನ ಅನಿಲ್ ಕುಂಬ್ಳೆ ದೊಡ್ಡ ತಿರುವಿಗೆ ಹೆಸರಾದವರಲ್ಲ. ವೇಗ, ಪುಟಿತ ಮತ್ತು ನಿಖರತೆಯಿಂದಲೇ ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು. ಮ್ಯಾಟ್ ಹಾಸಿದ ಪಿಚ್ಚಿನಲ್ಲಿ ಆಡುವವರಿಗೆ ಇದು ಇನ್ನೂ ಹತ್ತಿರದ ಪಾಠ, ಏಕೆಂದರೆ ನಾರಿನ ಹಾಸು ಚೆಂಡನ್ನು ಕಚ್ಚಿ ಮೇಲೆಬ್ಬಿಸುತ್ತದೆ, ಮತ್ತು ಅಲ್ಲಿ ಟಾಪ್ ಸ್ಪಿನ್ ಬೆರೆತ ಎಸೆತ ಬ್ಯಾಟಿನ ಮೇಲಂಚಿಗೆ ತಗಲುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಕಾರವಾರದ ಕಡಲಂಚಿನ ಮೈದಾನದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಬಲವಾಗಿರುತ್ತದೆ. ಸ್ಪಿನ್ನರ್ ಪಿಚ್ಚಿನ ಯಾವ ತುದಿಯಿಂದ ಹಾಕಲು ಕೇಳಬೇಕು?

ಉತ್ತರ: ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಪಿಚ್ಚನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುವುದರಿಂದ, ಪಡುವಣ ಕಡಲಗಾಳಿ ನಮಗೆ ಅಡ್ಡಗಾಳಿಯಾಗುತ್ತದೆ. ಬಲಗೈ ಲೆಗ್ ಸ್ಪಿನ್ನರ್‌ನ ಚೆಂಡು ಗಾಳಿಯಲ್ಲಿ ಬಲಗೈ ಬ್ಯಾಟರ್‌ನ ಕಾಲಿನತ್ತ ಸರಿಯುತ್ತದೆ. ದಕ್ಷಿಣದ ತುದಿಯಿಂದ ಹಾಕಿದರೆ ಗಾಳಿ ಎಡಗಡೆಯಿಂದ ಬೀಸಿ ಅದೇ ಸರಿತಕ್ಕೆ ಕೈಜೋಡಿಸುತ್ತದೆ. ಬಲಗೈ ಬ್ಯಾಟರ್‌ನತ್ತ ಒಳಕ್ಕೆ ತಿರುಗಿಸುವ ಆಫ್ ಸ್ಪಿನ್ನರ್‌ನ ಚೆಂಡು ಗಾಳಿಯಲ್ಲಿ ಹೊರಗೆ ಸರಿಯುವುದರಿಂದ ಅವರಿಗೆ ಉತ್ತರದ ತುದಿಯೇ ಲೇಸು. ನಾಯಕ ನಿಮಗೆ ಬೇಕಾದ ತುದಿಯನ್ನು ವೇಗಿಗೇ ಕೊಟ್ಟುಬಿಟ್ಟಿದ್ದರೆ, ಚೆಂಡನ್ನು ಗಾಳಿ ಎಷ್ಟು ತಳ್ಳುತ್ತದೆಂದು ಮೊದಲ ಓವರಿನಲ್ಲಿ ನೋಡಿಕೊಂಡು, ಗಾಳಿ ಬರುವ ಕಡೆಗೆ ಅಷ್ಟು ಗುರಿಯನ್ನು ಸರಿಸಿಕೊಳ್ಳಿ.