ಅತ್ತರೆ ನಂಬಿಕೆ ಕಡಿಮೆ ಅಂತಲ್ಲ, ಅಕ್ಕ

ಅಕ್ಕ, ತಮ್ಮ ತೀರಿಕೊಂಡು ಮೂರು ತಿಂಗಳಾದರೂ ಅಳು ನಿಲ್ಲುತ್ತಿಲ್ಲ, ಅಳುವುದು ನಂಬಿಕೆ ಇಲ್ಲದ ಲಕ್ಷಣ ಎಂದು ಮಂಡ್ಯದ ನಿಮ್ಮ ಚರ್ಚಿನ ಹಿರಿಯರೊಬ್ಬರು ಹೇಳಿದರು, ಅದು ನಿಜವಾ ಎಂದು ಕೇಳಿದ್ದೀರಿ. ನಿಜ ಅಲ್ಲ.

ಬೈಬಲಿನಲ್ಲಿ ಯೊವಾನ್ನನ ಸುವಾರ್ತೆಯ 11ನೇ ಅಧ್ಯಾಯ ಓದಿ. ಲಾಜರ ಸತ್ತು ನಾಲ್ಕು ದಿನ ಆಗಿತ್ತು. ನೀವು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಅವನ ಅಕ್ಕಂದಿರು ಮಾರ್ತಳೂ ಮರಿಯಳೂ ಯೇಸುವಿಗೇ ಹೇಳಿದರು. ಅದು ದೂರು, ಅಲ್ವಾ? ಆದರೂ ಯೇಸು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ನನಗೆ ತುಂಬಾ ಹಿಡಿಸುವುದು ಇದೇ. ಗೊತ್ತಿದ್ದೂ ಅತ್ತರು.

ಲೂಕನ ಸುವಾರ್ತೆಯಲ್ಲಿ ನಾಯಿನ್ ಊರಿನ ವಿಧವೆ ಇದ್ದಾಳೆ. ಒಬ್ಬನೇ ಮಗನ ಶವ ಹೊತ್ತು ಹೋಗುತ್ತಿದ್ದಾರೆ. ಅವಳನ್ನು ಕಂಡು ಯೇಸುವಿಗೆ ಕನಿಕರ ಹುಟ್ಟಿತು. ಮೂಲದಲ್ಲಿ ಆ ಕನಿಕರಕ್ಕಿರುವ ಗ್ರೀಕ್ ಪದ ಕರುಳು ಎಂಬ ಮಾತಿನಿಂದಲೇ ಬಂದದ್ದು. ನಾವು ಕರುಳು ಚುರುಕ್ ಅಂತು ಅನ್ನುತ್ತೇವಲ್ಲ, ಹಾಗೆ. ಅಳಬೇಡ ಎಂದರು, ನಿಜ. ಆದರೆ ಸುಮ್ನೆ ಬುದ್ಧಿ ಹೇಳಿ ಹೋಗಲಿಲ್ಲ, ಹತ್ತಿರ ಬಂದು ಚಟ್ಟ ಮುಟ್ಟಿದರು.

ಮೊದಲ ಕ್ರೈಸ್ತರಿಗೆ ಪತ್ರ ಬರೆದ ಪೌಲನೂ ದುಃಖವೇ ಪಡಬೇಡಿ ಎನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದ. ಬೈಬಲಿನ ಕೀರ್ತನೆ 88 ಅಂತೂ ಕತ್ತಲಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ.

ಅಪ್ಪ ಹೋದಾಗ ನಾನು ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕೊನೆಯ ಬೆಂಚಿನಲ್ಲಿ ವಾರಗಟ್ಟಲೆ ಕೂತು ಅತ್ತಿದ್ದೇನೆ. ಪ್ರಾರ್ಥನೆಯ ಮಾತೇ ಬರುತ್ತಿರಲಿಲ್ಲ. ನಿಮಗೂ ಮಾತು ಬರದಿದ್ದರೆ ತಮ್ಮನ ಹೆಸರು ಒಂದನ್ನೇ ದೇವರ ಮುಂದೆ ಹೇಳಿ, ಅಕ್ಕ. ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಡಾಕ್ಟರನ್ನೂ ನೋಡಿ.