ಟ್ರಿನಿಡಾಡ್‌ಗೆ ಒಂದು ದಿನ ಸಾಕೇ?

ಪ್ರಶ್ನೆ: ಕ್ಯೂಬಾದ ಹಳೆಯ ಸ್ಪ್ಯಾನಿಷ್ ಪಟ್ಟಣವಾದ ಟ್ರಿನಿಡಾಡ್‌ಗೆ ಹೋಗಬೇಕೆಂದಿದ್ದೇವೆ. ಯಾವ ತಿಂಗಳು ಸೂಕ್ತ? ಒಂದು ದಿನ ಸಾಕಾಗುವುದೇ?

ಉತ್ತರ: ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲವಾದ್ದರಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳನ್ನೇ ಆರಿಸಿಕೊಳ್ಳಿ. ಒಂದು ದಿನ ಖಂಡಿತ ಸಾಲದು. 1514ರಲ್ಲಿ ಸ್ಥಾಪನೆಯಾದ ಈ ಪಟ್ಟಣದ ಉರುಟು ಕಲ್ಲಿನ ಬೀದಿಗಳಲ್ಲಿ, ನೆಲದಿಂದಲೇ ಏಳುವ ಸರಳು ಕಿಟಕಿಗಳನ್ನೂ ಕೆಂಪು ಹಂಚಿನ ಮಾಡುಗಳನ್ನೂ ನೋಡುತ್ತ ನಿಧಾನವಾಗಿ ನಡೆಯುವುದೇ ಒಂದು ದಿನದ ಕೆಲಸ; ಗಟ್ಟಿ ಅಟ್ಟೆಯ ಪಾದರಕ್ಷೆ ಇರಲಿ. ಎರಡನೆಯ ದಿನವನ್ನು ಸಮೀಪದ ಸಕ್ಕರೆ ಗಿರಣಿಗಳ ಕಣಿವೆಗೆ ಮೀಸಲಿಡಲೇಬೇಕು, ಏಕೆಂದರೆ ಪಟ್ಟಣದ ಸಿರಿಯೆಲ್ಲ ಅಲ್ಲಿ ಕಬ್ಬು ಕಡಿದ ಆಫ್ರಿಕನ್ ಗುಲಾಮರ ದುಡಿಮೆಯಿಂದ ಬಂದದ್ದು. ಅಲ್ಲಿಯ ಮನಾಕಾ ಇಸ್ನಾಗಾ ಗೋಪುರ ಸುಮಾರು 45 ಮೀಟರ್ ಎತ್ತರವಿದ್ದು, ಅದರ ಗಂಟೆ ಅವರ ದುಡಿಮೆಯ ಹೊತ್ತನ್ನು ಸಾರುತ್ತಿತ್ತು. ಅಮೆರಿಕದ ಬ್ಯಾಂಕುಗಳ ಕಾರ್ಡುಗಳು ಕ್ಯೂಬಾದಲ್ಲಿ ನಡೆಯುವುದಿಲ್ಲ. ಯೂರೋ ನಗದನ್ನು ಜೊತೆಗಿಟ್ಟುಕೊಳ್ಳಿ.