ಕಟ್ಟಿಹಾಕಿದ ನಾಯಿ ಬೊಗಳದೆ ಇನ್ನೇನು ಮಾಡೀತು?

ನಾಯಿ ಸಾಕಿದವರು ಬರೆಯುವ ಪತ್ರಗಳಿಗೆ ಬಂದ ಕ್ರಮದಲ್ಲೇ ಉತ್ತರಿಸುವುದು ನನ್ನ ರೂಢಿ. ಆದರೆ ಹೊಳಲ್ಕೆರೆಯ ತಾಯಿಯೊಬ್ಬರ ಪತ್ರ ಸರದಿಯಲ್ಲಿ ಕಾಯುವಂಥದ್ದಲ್ಲ. ಅವರಿಗೆ ಹೇಳಬೇಕಾದದ್ದನ್ನು ಅಂದೇ ಫೋನಿನಲ್ಲಿ ಹೇಳಿದ್ದೇನೆ. ಉಳಿದವರಿಗೂ ತಿಳಿದಿರಲಿ ಎಂದು ಮೊದಲು ಅದನ್ನೇ ಇಟ್ಟಿದ್ದೇನೆ.

ಡಾಕ್ಟರೇ, ಮನೆಗೆ ಎರಡೂವರೆ ತಿಂಗಳ ನಾಯಿಮರಿ ತಂದು ಹತ್ತು ದಿನವಾಯಿತು. ಇನ್ನೂ ಲಸಿಕೆ ಹಾಕಿಸಿಲ್ಲ. ಆಟವಾಡುವಾಗ ಅದರ ಹಲ್ಲು ತಾಗಿ ಆರು ವರ್ಷದ ಮಗನ ಕೈಯಲ್ಲಿ ರಕ್ತ ಬಂದಿತು. ಅತ್ತೆಯವರು ಸುಣ್ಣ, ಅರಿಸಿನ ಹಚ್ಚಿದ್ದಾರೆ. ಮರಿ ಕಚ್ಚಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ನಿಜವೇ? (ಗೃಹಿಣಿ, ಹೊಳಲ್ಕೆರೆ)

ನಿಜವಲ್ಲ, ತಾಯಿ. ರೇಬೀಸ್ ವೈರಾಣುವಿಗೆ ಮರಿ, ದೊಡ್ಡ ನಾಯಿ ಎಂಬ ಭೇದವಿಲ್ಲ. ಸುಣ್ಣ, ಅರಿಸಿನವನ್ನೆಲ್ಲ ತೊಳೆದುಬಿಡಿ. ನಲ್ಲಿಯ ಕೆಳಗೆ ಕೈ ಹಿಡಿದು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಮಗು ಅತ್ತರೂ ನಿಲ್ಲಿಸಬೇಡಿ. ಗಾಯದಲ್ಲಿರುವ ವೈರಾಣುವಿನ ಬಹುಪಾಲು ಹೋಗುವುದು ಈ ತೊಳೆತದಲ್ಲೇ. ನಂತರ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಅಲ್ಲಿ ಉಚಿತ. ರಕ್ತ ಬಂದ ಗಾಯವಾದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಅದನ್ನು ನೀವಾಗಿಯೇ ಕೇಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನಕ್ಕೆ ಕರೆಯುತ್ತಾರೆ. ಮಗ ಚೆನ್ನಾಗಿಯೇ ಇದ್ದಾನೆಂದು ಒಂದು ದಿನವನ್ನೂ ತಪ್ಪಿಸಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಮರಿಯನ್ನು ಓಡಿಸಬೇಡಿ. ಹತ್ತು ದಿನ ಕಣ್ಣೆದುರೇ ಇಟ್ಟುಕೊಂಡು ಗಮನಿಸಬೇಕು. ಅದಕ್ಕೆ ಮೂರು ತಿಂಗಳು ತುಂಬುತ್ತಲೇ ರೇಬೀಸ್ ಲಸಿಕೆ ಹಾಕಿಸಿ. ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಆರರಿಂದ ಎಂಟನೇ ವಾರದಲ್ಲೇ ಶುರುವಾಗಬೇಕಿತ್ತು. ಈಗಲೂ ತಡವೇನಲ್ಲ, ಈ ವಾರವೇ ಕರೆದೊಯ್ಯಿರಿ.

ನಮ್ಮ ಲ್ಯಾಬ್ರಡಾರ್‌ಗೆ ಎಂಟು ತಿಂಗಳು. ನಾನು, ನನ್ನ ಪತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮೆಟ್ಟಿಲ ಕೆಳಗೆ ಕಟ್ಟಿಹಾಕುತ್ತೇವೆ. ಮನೆಯಲ್ಲಿ ಅತ್ತೆ ಇದ್ದಾರೆ, ಆದರೆ ಅವರಿಂದ ಹಿಡಿಯಲಾಗುವುದಿಲ್ಲ. ಇಡೀ ದಿನ ಬೊಗಳುತ್ತದೆಂದು ಪಕ್ಕದ ಮನೆಯವರು ಜಗಳಕ್ಕೆ ಬರುತ್ತಿದ್ದಾರೆ. ಬಿಚ್ಚಿದ ಕೂಡಲೇ ಮೈಮೇಲೆ ಹಾರುತ್ತದೆ, ಕೈ ಕಚ್ಚುತ್ತದೆ. ಬಾಯಿಗೆ ಕುಕ್ಕೆ ಹಾಕಬೇಕೇ? ಯಾವುದಾದರೂ ಮಾತ್ರೆ ಇದೆಯೇ? (ಶಿಕ್ಷಕಿ, ವಿದ್ಯಾನಗರ, ದಾವಣಗೆರೆ)

ಮಾತ್ರೆ ಬೇಡ, ಕುಕ್ಕೆಯೂ ಬೇಡ. ನಿಮ್ಮ ನಾಯಿಗೆ ಕಾಯಿಲೆಯಿಲ್ಲ, ದಿನವಿಡೀ ಮಾಡಲು ಕೆಲಸವಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ದೂರಿನ ಮೇಲೆ ಒಂದು ಮನೆಗೆ ಹೋಗಿದ್ದೆ. ನಾಯಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಿತ್ತಿಲ ನೆಲ. ಸರಪಳಿ ಎಟಕುವಷ್ಟು ದೂರಕ್ಕೆ ಮಣ್ಣು ಅರ್ಧಚಂದ್ರದ ಆಕಾರದಲ್ಲಿ ಸವೆದು ನುಣುಪಾಗಿತ್ತು. ಅದರಾಚೆ ಗರಿಕೆ ಹಸಿರಾಗಿ ಬೆಳೆದಿತ್ತು. ಕೊರಳಪಟ್ಟಿ ಸರಿಸಿ ನೋಡಿದರೆ ಅದರಡಿ ಕೂದಲು ಉದುರಿ ಚರ್ಮ ಕಪ್ಪಾಗಿತ್ತು. ಎರಡು ವರ್ಷದಿಂದ ಆ ನಾಯಿ ಕಂಡ ಜಗತ್ತು ಆ ಅರ್ಧಚಂದ್ರವಷ್ಟೇ. ಮನೆಯವರು ಕೆಟ್ಟವರಲ್ಲ. ಹೊತ್ತುಹೊತ್ತಿಗೆ ಅನ್ನ ಹಾಕುತ್ತಿದ್ದರು, ಲಸಿಕೆಯ ಚೀಟಿ ಜೋಪಾನವಾಗಿ ಇಟ್ಟಿದ್ದರು. ನಾಯಿಗೆ ಅನ್ನದಷ್ಟೇ ನಡಿಗೆಯೂ ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಮ್ಮ ಕಾನೂನು ಇದನ್ನು 1960ರಲ್ಲೇ ಹೇಳಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಹೊಡೆತ, ಬಡಿತದ ಸಾಲಿನಲ್ಲೇ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧವೆಂದು ಬರೆದಿದೆ. ನಿಮ್ಮನ್ನು ಹೆದರಿಸಲು ಈ ಮಾತಲ್ಲ. ನಾಯಿಯನ್ನು ಅಡ್ಡಾಡಿಸುವುದು ಬಿಡುವಿದ್ದವರ ಶೋಕಿ ಎಂದುಕೊಂಡವರು ಇನ್ನೂ ಬಹಳ ಜನರಿದ್ದಾರೆ, ಅದಕ್ಕೆ ಹೇಳುತ್ತಿದ್ದೇನೆ.

ಲ್ಯಾಬ್ರಡಾರ್ ಬೇಟೆಗಾರರ ಜೊತೆ ದಿನವಿಡೀ ಓಡಾಡಿ, ನೀರಿಗೆ ಬಿದ್ದ ಹಕ್ಕಿಯನ್ನು ತಂದುಕೊಡಲು ಬೆಳೆಸಿದ ತಳಿ. ಎಂಟು ತಿಂಗಳೆಂದರೆ ಅದಕ್ಕೆ ಹರೆಯ. ಬೆಳಿಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ನಡೆಸಿ. ಕುಂದವಾಡ ಕೆರೆಯ ಕಡೆಗೇ ಹೋಗಬೇಕೆಂದಿಲ್ಲ, ನಿಮ್ಮ ಬಡಾವಣೆಯ ರಸ್ತೆಗಳೇ ಸಾಕು. ದಾರಿಯಲ್ಲಿ ಕಂಬ, ಬೇಲಿ, ಕಲ್ಲು ಮೂಸಲು ನಿಂತರೆ ಎಳೆಯಬೇಡಿ. ನಾವು ಬೆಳಿಗ್ಗೆ ಪತ್ರಿಕೆ ಓದಿದಂತೆ ಅದು ಬೀದಿಯನ್ನು ಓದುತ್ತಿರುತ್ತದೆ. ಹೀಗೆ ಮೂಸುತ್ತ ನಡೆಯುವುದೂ ಅದನ್ನು ಚೆನ್ನಾಗಿ ದಣಿಸುತ್ತದೆ. ಸಂಜೆಯೂ ಒಮ್ಮೆ ಹೀಗೆಯೇ ಆಗಬೇಕು.

ಹಗಲಿನಲ್ಲಿ ಸರಪಳಿ ಬಿಚ್ಚಿ. ಮೆಟ್ಟಿಲ ಕೆಳಗಿನ ಜಾಗಕ್ಕೆ ಒಂದು ಮರದ ಅಡ್ಡಗೇಟು ಮಾಡಿಸಿ, ಅತ್ತೆಯವರು ಕುಳಿತಿರುವುದು ಅದಕ್ಕೆ ಕಾಣುವಂತಿರಲಿ. ಬೆಳಗಿನ ಆಹಾರವನ್ನು ಬಟ್ಟಲಲ್ಲಿ ಸುರಿಯುವ ಬದಲು ಹಳೆಯ ಟವೆಲ್‌ನ ಮಡಿಕೆಗಳಲ್ಲಿ ಹರಡಿ, ಸುರುಳಿ ಸುತ್ತಿ ಕೊಡಿ. ಮೂಗಿನಿಂದ ನೂಕಿ, ಬಿಡಿಸಿ ತಿನ್ನಲು ಇಪ್ಪತ್ತು ನಿಮಿಷ ಬೇಕು. ಮೊದಲ ಕೆಲವು ದಿನ ನಿಮ್ಮ ಎದುರಿಗೇ ಕೊಡಿ. ಟವೆಲ್ಲನ್ನೇ ಹರಿದು ನುಂಗುವ ಜಾತಿಯಾದರೆ ಅಂಗಳದಲ್ಲಿ ಕಾಳುಗಳನ್ನು ಎರಚಿ ಹುಡುಕಿಸಿ. ಮಧ್ಯಾಹ್ನ ಹತ್ತು ನಿಮಿಷ ಆಡಿಸಲು ನೆರೆಯ ಕಾಲೇಜು ಹುಡುಗನೊಬ್ಬನನ್ನು ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಜಗಳಕ್ಕೆ ಬರುತ್ತಿರುವ ಮನೆಯಲ್ಲೇ ಅಂಥ ಹುಡುಗ ಸಿಗಬಹುದು, ಕೇಳಿ ನೋಡಿ.

ಇನ್ನು ಹಾರುವ ವಿಷಯ. ನೀವು ಬಾಗಿಲು ತೆರೆದಾಗ ಅದು ಹಾರುತ್ತದೆ, ನೀವು ‘ಏ, ಬೇಡ’ ಎಂದು ಕೈಯಿಂದ ತಳ್ಳುತ್ತೀರಿ. ಒಂಬತ್ತು ಗಂಟೆ ಒಂಟಿಯಾಗಿದ್ದ ಪ್ರಾಣಿಗೆ ಆ ತಳ್ಳುವಿಕೆಯೂ ಮುದ್ದೇ. ಹಾರಿದೊಡನೆ ಮಾತಿಲ್ಲದೆ ಬೆನ್ನು ತಿರುಗಿಸಿ, ಕೈ ಕಟ್ಟಿ ನಿಲ್ಲಿ. ನಾಲ್ಕೂ ಕಾಲು ನೆಲ ಮುಟ್ಟಿದ ಕ್ಷಣವೇ ಬಗ್ಗಿ ತಲೆ ಸವರಿ, ಬಾಯಿಗೆ ಏನಾದರೂ ಕೊಡಿ. ಆ ಕ್ಷಣ ಮುಖ್ಯ. ಒಂದೆರಡು ಸೆಕೆಂಡು ತಡವಾದರೆ ಯಾವುದಕ್ಕೆ ತಿಂಡಿ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಕೈ ಕಚ್ಚಿದರೆ ಆಟ ಅಲ್ಲಿಗೇ ನಿಲ್ಲಬೇಕು. ಎದ್ದು ಅರ್ಧ ನಿಮಿಷ ಒಳಗೆ ಹೋಗಿ ಬನ್ನಿ. ಹೊಡೆಯಬೇಡಿ. ಹೊಡೆತ ತಿಂದ ನಾಯಿ ಕಚ್ಚುವುದನ್ನು ಬಿಡುವುದಿಲ್ಲ, ಗುರುಗುಟ್ಟಿ ಎಚ್ಚರಿಸುವುದನ್ನು ಬಿಡುತ್ತದೆ. ಅದು ಹೆಚ್ಚು ಅಪಾಯ.

ಮನೆಯವರೆಲ್ಲ ಸೇರಿ ಪದಗಳನ್ನು ಗೊತ್ತುಮಾಡಿಕೊಳ್ಳಿ. ನೀವು ‘ಸಿಟ್’ ಎಂದು, ಅತ್ತೆ ‘ಕೂರು’ ಎಂದು, ಪತಿ ಬರೀ ಬೆರಳು ತೋರಿಸಿ ಹೇಳಿದರೆ ಅದು ಯಾವುದನ್ನು ಕಲಿಯಬೇಕು? ‘ಕೂರು’ ಎಂಬುದೇ ಸಾಕು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಐದೇ ನಿಮಿಷ. ಬಹುಮಾನಕ್ಕೆ ಅಂಗಡಿಯ ದುಬಾರಿ ಬಿಸ್ಕತ್ತು ಹುಡುಕಬೇಡಿ. ದಾವಣಗೆರೆಯಲ್ಲಿದ್ದು ಮಂಡಕ್ಕಿಗೆ ಬರವೇ? ಖಾರ, ಎಣ್ಣೆ, ಈರುಳ್ಳಿ ಸೋಕದ ಒಣ ಮಂಡಕ್ಕಿ ಒಂದು ಮುಷ್ಟಿ ಜೇಬಿನಲ್ಲಿರಲಿ, ಒಮ್ಮೆಗೆ ಒಂದೆರಡು ಕಾಳು. ಹಗುರ, ಹೊಟ್ಟೆ ತುಂಬಿಸುವುದಿಲ್ಲ, ಲ್ಯಾಬ್ರಡಾರ್‌ನ ಆಸೆ ಮಾತ್ರ ತೀರುತ್ತದೆ. ಮೂರು ವಾರ ಬಿಡದೆ ಮಾಡಿ ನನಗೆ ಮತ್ತೆ ಬರೆಯಿರಿ.

ನಾವು ಈರುಳ್ಳಿ ಬೆಳೆಗಾರರು. ನಮ್ಮ ನಾಯಿ ನಾವು ತಿನ್ನುವ ಉಪ್ಪಿಟ್ಟು, ಪಲ್ಯ, ಸಾರನ್ನೇ ತಿಂದು ಬೆಳೆದಿದೆ. ನಾಲ್ಕು ದಿನದಿಂದ ಮಂಕಾಗಿದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದೆ. ಬಿಸಿಲಿಗೆ ಹೀಗಾಗುತ್ತದೆಯೇ? (ರೈತ, ಚಿತ್ರದುರ್ಗ ತಾಲ್ಲೂಕು)

ಬಿಸಿಲಲ್ಲ. ಈ ಉತ್ತರ ಓದಿದ ತಕ್ಷಣ ನಾಯಿಯ ಮೇಲ್ದುಟಿ ಎತ್ತಿ ವಸಡು ನೋಡಿ. ಆರೋಗ್ಯವಂತ ನಾಯಿಯ ವಸಡು ಎಳೆ ಗುಲಾಬಿ ಬಣ್ಣದ್ದು. ಬೆರಳಿನಿಂದ ಒತ್ತಿ ಬಿಟ್ಟರೆ ಒಂದು ಗಳಿಗೆ ಬೆಳ್ಳಗಾಗಿ, ಎರಡು ಎಣಿಸುವುದರೊಳಗೆ ಮತ್ತೆ ಗುಲಾಬಿಯಾಗುತ್ತದೆ. (ಕೆಲವು ನಾಯಿಗಳ ವಸಡು ಹುಟ್ಟಾ ಕಪ್ಪಗಿರುತ್ತದೆ. ಆಗ ಕೆಳರೆಪ್ಪೆ ಎಳೆದು ಒಳಭಾಗ ನೋಡಿ.) ನಿಮ್ಮದರ ವಸಡು ಸುಣ್ಣ ಬಳಿದ ಗೋಡೆಯಂತಿದ್ದರೆ ನಾಳೆಗೆಂದು ಇಟ್ಟುಕೊಳ್ಳಬೇಡಿ, ಇಂದೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ನನಗಿರುವ ಅನುಮಾನ ಎರಡು. ಒಂದು ಈರುಳ್ಳಿ. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಬರುವುದು. ದೇಹದ ತೂಕದ ಶೇಕಡಾ ಅರ್ಧದಷ್ಟು ಈರುಳ್ಳಿ ಒಮ್ಮೆಗೆ ಹೊಟ್ಟೆಗೆ ಹೋದರೆ ಸಾಕು. ಅಂದರೆ 20 ಕೆ.ಜಿ. ತೂಗುವ ನಾಯಿಗೆ 100 ಗ್ರಾಂ, ನಿಮ್ಮ ಹೊಲದ ಒಂದು ದಪ್ಪ ಗಡ್ಡೆ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಹಾನಿ ಕೂಡುತ್ತ ಹೋಗುತ್ತದೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ತಿಂದ ದಿನವೇ ಏನೂ ಕಾಣುವುದಿಲ್ಲ, ಮೂರು ನಾಲ್ಕು ದಿನ ಬಿಟ್ಟು ಮಂಕು ಕವಿಯುತ್ತದೆ. ಅದಕ್ಕೇ ಜನ ಈರುಳ್ಳಿಯ ಮೇಲೆ ಅನುಮಾನಪಡುವುದಿಲ್ಲ. ಎರಡನೆಯದು ಉಣ್ಣೆ ಹುಳುವಿನಿಂದ ಬರುವ ಜ್ವರ. ಅದರಲ್ಲೂ ಮೂತ್ರ ಹೀಗೆಯೇ ಕಪ್ಪಾಗಬಹುದು. ಯಾವುದೆಂದು ರಕ್ತಪರೀಕ್ಷೆಯೇ ಹೇಳಬೇಕು. ಜ್ವರವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅದೂ ಅದೇ ರಕ್ತಕಣಗಳ ಮೇಲೆ, ಯಕೃತ್ತಿನ ಮೇಲೆ ಬೀಳುತ್ತದೆ.

ಮುಂದೆ ಒಗ್ಗರಣೆಗೆ ಮೊದಲೇ ಅದರ ಪಾಲು ತೆಗೆದಿಡಿ. ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ, ಕುಂಬಳ, ಕ್ಯಾರೆಟ್, ಸ್ವಲ್ಪ ಮೊಸರು ಎಲ್ಲವೂ ಸರಿ. ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ ಬೇಡ. ಪಾಯಸದ ಒಣದ್ರಾಕ್ಷಿಯೂ ಬೇಡ, ಅದು ಮೂತ್ರಪಿಂಡ ಕೆಡಿಸುತ್ತದೆ. ಬೇಯಿಸಿದ ಕೋಳಿಮೂಳೆ ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ.

ನಮ್ಮ ನಾಯಿಯ ಮೈಮೇಲೆ ಉಣ್ಣೆ ಹುಳು ವಿಪರೀತವಾಗಿದೆ. ಸೀಮೆಎಣ್ಣೆ ಹಚ್ಚಿದೆವು, ಹೋಗಲಿಲ್ಲ. ಕುರಿಗಳಿಗೆ ಹೊಡೆಯುವ ಔಷಧಿ ಮನೆಯಲ್ಲಿದೆ. ಹಾಕಬಹುದೇ? (ಹರಿಹರ)

ಖಂಡಿತ ಬೇಡ. ಕುರಿ, ದನಗಳ ಔಷಧಿಯ ಪ್ರಮಾಣವೇ ಬೇರೆ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಕುರಿಗೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನೂ ನೀವಾಗಿ ಕೊಡಬೇಡಿ, ಕಾಲಿಯಂಥ ಕೆಲವು ತಳಿಗಳಿಗೆ ಅದು ಪ್ರಾಣಕ್ಕೇ ಬರುತ್ತದೆ. ತೂಕಕ್ಕೆ ತಕ್ಕ ಮಾತ್ರೆಯನ್ನೋ ಬೆನ್ನಿಗೆ ಬಿಡುವ ಹನಿಯನ್ನೋ ವೈದ್ಯರು ಬರೆದುಕೊಡುತ್ತಾರೆ.

ಆದರೆ ನಾಯಿಯ ಮೈಮೇಲಿರುವುದು ಅರ್ಧ ಸಂಸಾರ ಮಾತ್ರ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಕೆಳಗುದುರಿ, ಗೋಡೆಯ ಬಿರುಕಿನಲ್ಲಿ ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಗೋಣಿಚೀಲ ಸುಡಿ, ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನವೂ ನೋಡಿ. ಕೈಯಿಂದ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಹಸ್ಕಿ ಮರಿಯೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ನಮ್ಮದು ಶೀಟಿನ ಮನೆ. ಸಾಕಬಹುದೇ? (ಚಳ್ಳಕೆರೆ)

ದಯವಿಟ್ಟು ತರಬೇಡಿ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲು ಎರಡು ಪದರದ ತುಪ್ಪಳ ಹೊತ್ತು ಹುಟ್ಟಿದ ಪ್ರಾಣಿ ಅದು. ಏಪ್ರಿಲ್‌ನಲ್ಲಿ ಚಳ್ಳಕೆರೆಯ ಶೀಟಿನಡಿ ನೀವೇ ಮಧ್ಯಾಹ್ನ ಕೂರಲಾರಿರಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಡುವುದೊಂದೇ ಅದಕ್ಕಿರುವ ಮುಖ್ಯ ದಾರಿ. ಸುತ್ತಲ ಗಾಳಿಯೇ ಕಾದಿದ್ದರೆ ಆ ದಾರಿಯೂ ಮುಚ್ಚುತ್ತದೆ. ಚಪ್ಪಟೆ ಮೂಗಿನ ಪಗ್ ಕೂಡ ನಿಮ್ಮ ಊರಿಗೆ ಹೇಳಿದ್ದಲ್ಲ.

ಬಾಗಲಕೋಟೆ ಕಡೆಯ ಮುಧೋಳ ನಾಯಿ ಗಿಡ್ಡ ಕೂದಲಿನದು, ಬಿಸಿಲಿಗೆ ಒಗ್ಗಿದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತು. ಆದರೆ ಅದಕ್ಕೆ ಓಡಲು ಬಯಲು ಬೇಕು, ನಿಮಗೆ ಹೊಲವಿದ್ದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ನಿಮ್ಮ ಬೀದಿಯಲ್ಲೇ ಹುಟ್ಟಿದ ನಾಡ ಮರಿಯೊಂದನ್ನು ಎತ್ತಿಕೊಳ್ಳಿ. ಆ ಮಣ್ಣು, ಆ ಬಿಸಿಲು ಅದಕ್ಕೆ ತಲೆಮಾರುಗಳಿಂದ ಗೊತ್ತು. ಅದಕ್ಕೂ ನೆರಳು, ನೀರು ಬೇಕೇ ಬೇಕು. ರಸ್ತೆಗೆ ಇಳಿಸುವ ಮೊದಲು ಹಿಂಗೈಯನ್ನು ಡಾಂಬರಿನ ಮೇಲಿಟ್ಟು ಏಳು ಎಣಿಸಿ. ನಿಮಗೆ ತಡೆಯದಿದ್ದರೆ ಅದರ ಅಂಗಾಲಿಗೂ ತಡೆಯದು. ಯಾವ ನಾಯಿಯೇ ಆಗಲಿ ಬಿಸಿಲಿಗೆ ತೂರಾಡಿ ಬಿದ್ದರೆ ನೆರಳಿಗೆ ತಂದು, ಹೊಟ್ಟೆ, ತೊಡೆಸಂದಿಗೆ ಸಾದಾ ತಣ್ಣೀರು ಸುರಿಯುತ್ತ, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ.

ಅಂಕಲ್, ನಮ್ಮ ಟಾಮಿ ಗೇಟು ತೆರೆದರೆ ಓಡಿಹೋಗುತ್ತದೆ. ಎಷ್ಟು ಕರೆದರೂ ಬರುವುದಿಲ್ಲ. ಬಂದ ಮೇಲೆ ಅಪ್ಪ ಹೊಡೆಯುತ್ತಾರೆ, ಆದರೂ ಬುದ್ಧಿ ಬಂದಿಲ್ಲ. (ಏಳನೇ ತರಗತಿ ವಿದ್ಯಾರ್ಥಿನಿ, ನಿಟುವಳ್ಳಿ, ದಾವಣಗೆರೆ)

ಪುಟ್ಟೀ, ಟಾಮಿಗೆ ಬುದ್ಧಿ ಚೆನ್ನಾಗಿಯೇ ಇದೆ. ಬಂದರೆ ಏಟು ಬೀಳುತ್ತದೆ ಎಂದು ಅದು ಕಲಿತಿದೆ, ಅದಕ್ಕೇ ಬರುವುದಿಲ್ಲ. ಈ ಸಾಲನ್ನು ಅಪ್ಪನಿಗೆ ಓದಿ ಹೇಳು: ಎಷ್ಟು ಹೊತ್ತು ಕಾಯಿಸಿದರೂ, ಎಷ್ಟು ಸಿಟ್ಟು ಬಂದಿದ್ದರೂ, ತಾನಾಗಿ ಹತ್ತಿರ ಬಂದ ನಾಯಿಯನ್ನು ಹೊಡೆಯಬಾರದು, ಬೈಯಲೂಬಾರದು.

ಇನ್ನು ನಿನ್ನ ಕೆಲಸ. ಹಳೆಯ ‘ಟಾಮಿ ಬಾ’ ಎಂಬುದು ಅದರ ಮಟ್ಟಿಗೆ ಕೆಟ್ಟಿದೆ, ಹೊಸ ಪದ ಹುಡುಕು. ಸೀಟಿ ಹೊಡೆಯಲು ಬಂದರೆ ಸೀಟಿಯೂ ಆಗುತ್ತದೆ. ಮೊದಲು ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಕರೆ. ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಒಂದು ವಾರ ಒಳಗೆ, ಒಂದು ವಾರ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಬೀದಿಯಲ್ಲಿ. ಬಂದ ಮೇಲೆ ಕೆಲವೊಮ್ಮೆ ಮತ್ತೆ ಆಡಲು ಬಿಟ್ಟುಬಿಡು, ಕರೆದರೆಂದರೆ ಆಟ ಮುಗಿಯಿತು ಎಂದು ಅದು ಎಣಿಸಬಾರದು. ಅದು ತಪ್ಪಿಸಿಕೊಂಡು ಓಡಿದ ದಿನ ಬೆನ್ನಟ್ಟಬೇಡ. ನೀನೇ ಅದಕ್ಕೆ ಬೆನ್ನು ಮಾಡಿ, ನಗುತ್ತ, ಕೂಗುತ್ತ ಮನೆಯ ಕಡೆ ಓಡು. ರಸ್ತೆಯಲ್ಲಿ ಗಾಡಿಗಳಿಲ್ಲದಿರುವುದನ್ನು ನೋಡಿಕೊಂಡು ಓಡು. ಟಾಮಿ ಹಿಂದೆಯೇ ಬರುತ್ತದೆ.